ಬಾಸೆಲ್ ಪಟ್ಟಣದ ಇನ್ನೊಬ್ಬ ಪಾದ್ರಿಯ ಮಗ



ಕಾಸರಗೋಡಿನ ಕಡೆ ಹಳೆಯ ಮನೆಯ ಮಾಡಿನಿಂದ ಒಂದು ಹಂಚು ಇಳಿಸಿ ತಿರುಗಿಸಿ ನೋಡಿದರೆ, ಎಷ್ಟೋ ಸಲ ಅದರ ಮೇಲೆ ಬಾಸೆಲ್ ಮಿಶನ್ ಎಂಬ ಅಚ್ಚು ಕಾಣುತ್ತದೆ. ಬಾಸೆಲ್ ಎಂಬುದು ಸ್ವಿಟ್ಜರ್ಲೆಂಡಿನ ಒಂದು ಪಟ್ಟಣ. ರೈನ್ ನದಿಯ ದಂಡೆಯಲ್ಲಿ, ಜರ್ಮನಿ ಮತ್ತು ಫ್ರಾನ್ಸ್ ದೇಶಗಳ ಗಡಿಗೆ ಒತ್ತಿಕೊಂಡಿರುವ ಊರು. ಅಲ್ಲಿ 1815ರಲ್ಲಿ ಹುಟ್ಟಿದ ಕ್ರೈಸ್ತ ಮಿಶನ್ ಸಂಸ್ಥೆಯ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ಅದೇ ಮಿಶನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವೆಂಬ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದರು. ಹಂಚಿನ ಕಾರ್ಖಾನೆ 1865ರಲ್ಲಿ ಆರಂಭವಾಯಿತು. ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಅಚ್ಚಾಯಿತು. ತಲಶ್ಶೇರಿಯಲ್ಲಿದ್ದ ಹರ್ಮನ್ ಗುಂಡರ್ಟ್ ಮಲಯಾಳಕ್ಕೆ 1872ರಲ್ಲಿ ನಿಘಂಟು ಕೊಟ್ಟರು. ನೀಲಗಿರಿಯ ಕೇತಿಯಲ್ಲಿ ಬಡಗರ ನಡುವೆಯೂ ಇದೇ ಮಿಶನ್ನಿನ ಠಾಣ್ಯವಿತ್ತು. ಹೀಗೆ ಗಡಿನಾಡಿನ ನಮಗೆ ಬಾಸೆಲ್ ದೂರದ ಊರಾದರೂ ಹೆಸರು ಹೊಸದಲ್ಲ.

ಆದರೆ ಇಂದು ನಾನು ಹೇಳಬೇಕೆಂದಿರುವುದು ಮಿಶನ್ನಿನ ಕಥೆಯಲ್ಲ. ಅದೇ ಬಾಸೆಲ್ ಪಟ್ಟಣದಲ್ಲಿ, ಸ್ಪಾಲೆನ್ ಬಾಗಿಲೆಂಬ ಹಳೆಯ ಕೋಟೆ ಬಾಗಿಲಿನ ಹತ್ತಿರ, ಮಿಶನ್ ಮನೆಯಿಂದ ಕೆಲವೇ ನಿಮಿಷಗಳ ನಡಿಗೆಯ ದೂರದಲ್ಲಿ, 1869ರಿಂದ ಒಬ್ಬ ತರುಣ ಪ್ರೊಫೆಸರ್ ವಾಸವಾಗಿದ್ದ. ಕಿಟ್ಟೆಲ್ ಅವರಂತೆ ಅವನೂ ಜರ್ಮನ್ ಪಾದ್ರಿಯೊಬ್ಬರ ಮಗ. ಕಿಟ್ಟೆಲ್ ದೇವರ ವಾಕ್ಯವನ್ನು ಹೊತ್ತು ಕಡಲು ದಾಟಿದರೆ, ಈ ತರುಣ ಮುಂದೆ ದೇವರ ಸಾವಿನ ಸುದ್ದಿ ಹೇಳಿ ಲೋಕದ ನಿದ್ದೆ ಕೆಡಿಸಿದ. ಅವನ ಹೆಸರು ಫ್ರೀಡ್ರಿಕ್ ನೀಷೆ. ಇವನನ್ನು ಬರಿಯ ನಾಸ್ತಿಕನೆಂದು ತಿಳಿದವರು ಬಹಳ. ಹಿಟ್ಲರನ ಗುರುವೆಂದು ತಿಳಿದವರೂ ಇದ್ದಾರೆ. ಅವನು ನಿಜವಾಗಿ ಕೇಳಿದ ಪ್ರಶ್ನೆ ಬೇರೆ. ಪರಲೋಕದ ಭರವಸೆ ಇಲ್ಲದೆ, ಪುಣ್ಯದ ಲೆಕ್ಕವಿಲ್ಲದೆ, ನೋವು ತುಂಬಿದ ಈ ಬಾಳನ್ನು ಮನುಷ್ಯ ಮನಸಾರೆ ಒಪ್ಪಿಕೊಳ್ಳಬಲ್ಲನೇ ಎಂಬುದೇ ಆ ಪ್ರಶ್ನೆ. ಅದು ಅವನಿಗೆ ಪುಸ್ತಕದ ಪ್ರಶ್ನೆಯಾಗಿರಲಿಲ್ಲ ಎಂಬುದು ಅವನ ಜೀವನವನ್ನು ನೋಡಿದರೆ ತಿಳಿಯುತ್ತದೆ.

ನೀಷೆ ಹುಟ್ಟಿದ್ದು 1844ರ ಅಕ್ಟೋಬರ್ 15ರಂದು, ಪ್ರಷ್ಯ ರಾಜ್ಯಕ್ಕೆ ಸೇರಿದ್ದ ರ್‍ಯೋಕೆನ್ ಎಂಬ ಸಣ್ಣ ಹಳ್ಳಿಯಲ್ಲಿ. ತಂದೆ ಲೂಥರನ ಪಂಥದ ಪಾದ್ರಿ. ತಂದೆಯ ತಂದೆ ಮತ್ತು ತಾಯಿಯ ತಂದೆ, ಇಬ್ಬರೂ ಪಾದ್ರಿಗಳೇ. ಮನೆಯ ಪಕ್ಕದಲ್ಲೇ ಚರ್ಚು, ಚರ್ಚಿನ ಪಕ್ಕದಲ್ಲೇ ಸಮಾಧಿ. ಹುಡುಗನಿಗೆ ಐದು ತುಂಬುವ ಮೊದಲೇ, 1849ರಲ್ಲಿ, ತಂದೆ ಮಿದುಳಿನ ಕಾಯಿಲೆಯಿಂದ ತೀರಿಕೊಂಡರು. ಮರುವರ್ಷ ಎರಡು ವರ್ಷವೂ ತುಂಬದ ತಮ್ಮ ಹೋದ. ತಾಯಿ ಮಗನನ್ನೂ ಮಗಳು ಎಲಿಜಬೆತ್‌ಳನ್ನೂ ಕಟ್ಟಿಕೊಂಡು ನೌಂಬುರ್ಗ್ ಊರಿಗೆ ಬಂದಳು. ಅಜ್ಜಿ, ಇಬ್ಬರು ಅತ್ತೆಯರು, ತಾಯಿ, ತಂಗಿ, ಇಷ್ಟು ಹೆಂಗಸರ ನಡುವೆ ಬೆಳೆದ ಒಂಟಿ ಗಂಡು ಮಗು. ಅವನೂ ಪಾದ್ರಿಯಾಗುತ್ತಾನೆ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ.

ಪ್ಫೋರ್ಟ ಎಂಬ ಹೆಸರಾಂತ ವಸತಿ ಶಾಲೆಯಲ್ಲಿ ಆರು ವರ್ಷ ಓದಿ, 1864ರಲ್ಲಿ ಅವನು ಬಾನ್ ವಿಶ್ವವಿದ್ಯಾಲಯಕ್ಕೆ ಸೇರಿದ್ದು ದೈವಶಾಸ್ತ್ರದ ವಿದ್ಯಾರ್ಥಿಯಾಗಿ. ಆ ಕಾಲದ ಜರ್ಮನಿಯಲ್ಲಿ ವಿದ್ಯಾವಂತರ ನಂಬಿಕೆ ಒಳಗೊಳಗೇ ಸಡಿಲವಾಗುತ್ತಿತ್ತು. ಡೇವಿಡ್ ಸ್ಟ್ರೌಸ್ ಎಂಬ ಪಂಡಿತ 1835ರಲ್ಲೇ ಯೇಸುವಿನ ಜೀವನದ ಕುರಿತು ದೊಡ್ಡ ಗ್ರಂಥ ಬರೆದು, ಸುವಾರ್ತೆಗಳ ಪವಾಡಗಳು ಇತಿಹಾಸವಲ್ಲ, ಜನರ ನಂಬಿಕೆಯಿಂದ ಹುಟ್ಟಿದ ಪುರಾಣ ಎಂದು ವಾದಿಸಿದ್ದ. ಫಾಯರ್‌ಬಾಖ್ ಎಂಬಾತ 1841ರಲ್ಲಿ, ಮನುಷ್ಯ ತನ್ನ ಒಳ್ಳೆಯ ಗುಣಗಳನ್ನೇ ಆಕಾಶಕ್ಕೆ ಎತ್ತಿ ದೇವರೆಂದು ಕರೆದಿದ್ದಾನೆ ಎಂದು ಬರೆದ. ಡಾರ್ವಿನ್ನನ ಗ್ರಂಥ 1859ರಲ್ಲಿ ಬಂತು. ಇಲ್ಲಿ ಒಂದು ಸ್ವಾರಸ್ಯವಿದೆ. ನಮ್ಮ ಗುಂಡರ್ಟ್ ಕೂಡ ಟ್ಯೂಬಿಂಗನ್ನಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಇದೇ ಸ್ಟ್ರೌಸನ ಪ್ರಭಾವಕ್ಕೆ ಸಿಕ್ಕಿ, ಬಳಿಕ ನಂಬಿಕೆಗೆ ಮರಳಿ, ಮಲಬಾರಿಗೆ ಬಂದವರು. ನೀಷೆ ಅದೇ ಸ್ಟ್ರೌಸನನ್ನು ಓದಿ ಮತ್ತೆ ಮರಳಲಿಲ್ಲ. ಬಾವಿ ಒಂದೇ, ನೀರು ಹರಿದ ಕಡೆ ಬೇರೆ ಬೇರೆ.

1865ರ ಈಸ್ಟರ್ ಹಬ್ಬಕ್ಕೆ ಮನೆಗೆ ಬಂದ ಮಗ ಚರ್ಚಿನಲ್ಲಿ ಪ್ರಭುಭೋಜನ ಸ್ವೀಕರಿಸಲು ಒಪ್ಪಲಿಲ್ಲ. ದೈವಶಾಸ್ತ್ರವನ್ನು ಬಿಟ್ಟುಬಿಟ್ಟ. ತಾಯಿ ಅತ್ತಳು. ಅದೇ ವರ್ಷ ತಂಗಿಗೆ ಬರೆದ ಒಂದು ಪತ್ರದಲ್ಲಿ ಅವನು ತನ್ನ ನಿಲುವನ್ನು ಬಿಡಿಸಿ ಹೇಳಿದ್ದಾನೆ. ಮನಸ್ಸಿಗೆ ನೆಮ್ಮದಿ ಬೇಕಾದವರು ನಂಬಲಿ, ಸತ್ಯವನ್ನು ಹಿಂಬಾಲಿಸುವವರು ಹುಡುಕಲಿ ಎಂಬುದು ಅದರ ಸಾರ. ಆಗ ಅವನಿಗೆ ಇಪ್ಪತ್ತು ವರ್ಷ. ಹುಡುಕಿದರೆ ನೆಮ್ಮದಿ ಹೋಗುತ್ತದೆ ಎಂದು ತಿಳಿದೇ ಹೊರಟವನು ಅವನು.

ಅದೇ ವರ್ಷ ಲೈಪ್ಜಿಗ್ ನಗರದ ಹಳೆಯ ಪುಸ್ತಕದ ಅಂಗಡಿಯಲ್ಲಿ ಅವನಿಗೆ ಶೋಪೆನ್‌ಹೌರ್ ಎಂಬ ತತ್ತ್ವಜ್ಞಾನಿಯ ಗ್ರಂಥ ಸಿಕ್ಕಿತು. ಇಲ್ಲಿ ನಮ್ಮ ದೇಶದ ಎಳೆಯೊಂದು ಬಂದು ಸೇರುತ್ತದೆ. ಮೊಗಲ್ ರಾಜಕುಮಾರ ದಾರಾ ಶುಕೋ 1657ರಲ್ಲಿ ಐವತ್ತು ಉಪನಿಷತ್ತುಗಳನ್ನು ಪಾರಸಿಗೆ ಅನುವಾದ ಮಾಡಿಸಿದ. ಆ ಪಾರಸಿಯನ್ನು ಫ್ರೆಂಚ್ ವಿದ್ವಾಂಸ ಆಂಕೆತಿಲ್ ದ್ಯುಪೆರೋ ಲ್ಯಾಟಿನ್ ಭಾಷೆಗೆ ತಿರುಗಿಸಿ 1801 ಮತ್ತು 1802ರಲ್ಲಿ ಅಚ್ಚು ಹಾಕಿಸಿದ. ಶೋಪೆನ್‌ಹೌರ್ ಈ ಲ್ಯಾಟಿನ್ ಉಪನಿಷತ್ತನ್ನು ತನ್ನ ಜೀವನದ ಸಮಾಧಾನವೆಂದೇ ಭಾವಿಸಿದ್ದ. ಅವನ ದೃಷ್ಟಿಯಲ್ಲಿ ಲೋಕದ ಮೂಲ ಒಂದು ಕುರುಡು ಇಚ್ಛೆ. ಆ ಇಚ್ಛೆಯೇ ದುಃಖ. ಅದನ್ನು ಆರಿಸಿಬಿಡುವುದೇ ಬಿಡುಗಡೆ. ಬಾಳಿಗೆ ಬೆನ್ನು ತಿರುಗಿಸುವುದೇ ವಿವೇಕ. ತಂದೆಯನ್ನೂ ತಮ್ಮನನ್ನೂ ಎಳವೆಯಲ್ಲೇ ಕಳೆದುಕೊಂಡ, ದೇವರನ್ನು ಈಗಷ್ಟೇ ಬಿಟ್ಟ ತರುಣನಿಗೆ ಈ ಮಾತು ನಾಟಿತು. ಹಲವು ವರ್ಷ ಅವನು ಶೋಪೆನ್‌ಹೌರನ ಶಿಷ್ಯನಾಗಿಯೇ ಇದ್ದ.

ಪ್ಫೋರ್ಟ ಶಾಲೆಯಲ್ಲಿ ನೀಷೆಗೆ ಪೌಲ್ ಡಾಯ್ಸನ್ ಎಂಬ ಗೆಳೆಯನಿದ್ದ. ಅವನೂ ಪಾದ್ರಿಯ ಮಗನೇ. ಅವನಿಗೆ ಶೋಪೆನ್‌ಹೌರನ ರುಚಿ ಹತ್ತಿಸಿದವನು ನೀಷೆಯೇ. ಡಾಯ್ಸನ್ ಆ ದಾರಿಯಲ್ಲೇ ಮುಂದುವರಿದು, ಸಂಸ್ಕೃತ ಕಲಿತು, ವೇದಾಂತ ದರ್ಶನವನ್ನು ಕುರಿತು 1883ರಲ್ಲಿ ಗ್ರಂಥ ಬರೆದ. ಅರವತ್ತು ಉಪನಿಷತ್ತುಗಳನ್ನು 1897ರಲ್ಲಿ ಜರ್ಮನ್ ಭಾಷೆಗೆ ತಂದ. ಸ್ವಾಮಿ ವಿವೇಕಾನಂದರು 1896ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಭೇಟಿಯಾದದ್ದು ಇದೇ ಡಾಯ್ಸನ್ನನನ್ನು. ಗೆಳೆಯರಿಬ್ಬರೂ ಕ್ರೈಸ್ತ ಮನೆಯಿಂದ ಹೊರಟವರು. ಡಾಯ್ಸನ್ ವೇದಾಂತದ ಕಡೆಗೆ ತಿರುಗಿದ. ನೀಷೆ ಅದನ್ನೂ ಓದಿ, ಗೌರವಿಸಿ, ಅಲ್ಲಿ ನಿಲ್ಲಲಿಲ್ಲ. ಇದು ದುಃಖದಿಂದ ಬಿಡುಗಡೆ ಪಡೆಯುವ ದಾರಿಯಾಯಿತು, ದುಃಖದೊಡನೆಯೇ ಬಾಳುವ ದಾರಿ ಯಾವುದು ಎಂದು ಕೇಳಿದ.

ಬಾಸೆಲ್ ವಿಶ್ವವಿದ್ಯಾಲಯ ಅವನನ್ನು ಗ್ರೀಕ್ ಮತ್ತು ಲ್ಯಾಟಿನ್ ಪ್ರಾಚೀನ ಸಾಹಿತ್ಯದ ಪ್ರೊಫೆಸರ್ ಆಗಿ ಕರೆದಾಗ ಅವನಿಗೆ ಇಪ್ಪತ್ತನಾಲ್ಕೇ ವರ್ಷ. ಲೈಪ್ಜಿಗ್ ವಿಶ್ವವಿದ್ಯಾಲಯ ಪರೀಕ್ಷೆಯಿಲ್ಲದೆಯೇ ಡಾಕ್ಟರೇಟ್ ಕೊಟ್ಟು ಕಳುಹಿಸಿತು. ಹೊಸ ಕೆಲಸಕ್ಕಾಗಿ ಅವನು 1869ರಲ್ಲಿ ಪ್ರಷ್ಯ ದೇಶದ ಪೌರತ್ವವನ್ನು ಬಿಟ್ಟುಕೊಟ್ಟ. ಆದರೆ ಸ್ವಿಸ್ ಪೌರತ್ವವನ್ನು ಪಡೆಯಲೇ ಇಲ್ಲ. ಅಲ್ಲಿಂದ ಸಾಯುವವರೆಗೆ ಅವನು ಯಾವ ದೇಶದ ಪ್ರಜೆಯೂ ಆಗಿರಲಿಲ್ಲ. ಫ್ರಾನ್ಸ್ ಮತ್ತು ಪ್ರಷ್ಯಗಳ ನಡುವೆ 1870ರಲ್ಲಿ ಯುದ್ಧವಾದಾಗ ಗಾಯಾಳುಗಳ ಶುಶ್ರೂಷೆಗೆ ಹೋಗಿ, ಆಮಶಂಕೆ ಮತ್ತು ಗಂಟಲಮಾರಿ ಅಂಟಿಸಿಕೊಂಡು ಬಂದ. ಮೊದಲೇ ಕಣ್ಣು ಮಂಜು, ತಲೆಶೂಲೆ ಜೊತೆಗಾರ. ಈಗ ಅದೂ ಇದೂ ಸೇರಿ ದಿನಗಟ್ಟಲೆ ಕತ್ತಲ ಕೋಣೆಯಲ್ಲಿ ಮಲಗಬೇಕಾಗುತ್ತಿತ್ತು. ಗ್ರೀಕರ ದುರಂತ ನಾಟಕದ ಹುಟ್ಟನ್ನು ಕುರಿತ ಅವನ ಮೊದಲ ಪುಸ್ತಕ, ಗುಂಡರ್ಟರ ನಿಘಂಟು ಬಂದ 1872ರಲ್ಲೇ ಹೊರಬಂತು. ಪಂಡಿತರು ಅದನ್ನು ಮೆಚ್ಚಲಿಲ್ಲ. ತಂದೆಯಂತೆ ಪ್ರೀತಿಸಿದ್ದ ಸಂಗೀತಗಾರ ವಾಗ್ನರನೊಡನೆ ಮುಂದೆ ಮನಸ್ಸು ಮುರಿಯಿತು. ಕೊನೆಗೆ 1879ರಲ್ಲಿ, ಮೂವತ್ತನಾಲ್ಕನೆಯ ವಯಸ್ಸಿಗೆ, ಅನಾರೋಗ್ಯದಿಂದ ಕೆಲಸ ಬಿಟ್ಟ. ಬಾಸೆಲಿನವರು ವರ್ಷಕ್ಕೆ ಮೂರು ಸಾವಿರ ಫ್ರಾಂಕು ಪಿಂಚಣಿ ಗೊತ್ತು ಮಾಡಿದರು.

ಆಮೇಲಿನ ಹತ್ತು ವರ್ಷ ಅವನದು ಅಲೆಮಾರಿಯ ಬಾಳು. ಬೇಸಿಗೆಗೆ ಸ್ವಿಟ್ಜರ್ಲೆಂಡಿನ ಬೆಟ್ಟದ ಹಳ್ಳಿ ಸಿಲ್ಸ್ ಮಾರಿಯ. ಚಳಿಗಾಲಕ್ಕೆ ಇಟಲಿಯ ಜಿನೋವ, ಫ್ರಾನ್ಸಿನ ನೀಸ್, ಕೊನೆಗೆ ಟ್ಯೂರಿನ್. ಬಾಡಿಗೆ ಕೋಣೆ, ಒಂದು ಪೆಟ್ಟಿಗೆ ಪುಸ್ತಕ, ಒಂಟಿ ಊಟ. ಬೀದಿಯಲ್ಲಿ ಇಟಾಲಿಯನ್ ಅಥವಾ ಫ್ರೆಂಚ್, ಬರೆಯುವುದು ಜರ್ಮನ್. ಕೇಳುಗರೇ, ಕಚೇರಿಯಲ್ಲಿ ಒಂದು ಭಾಷೆ, ಅಡಿಗೆಮನೆಯಲ್ಲಿ ಇನ್ನೊಂದು ಎಂಬ ಸ್ಥಿತಿ ನಮಗೆ ಹೊಸದಲ್ಲ. ಜರ್ಮನ್ ಗದ್ಯದ ಅತ್ಯಂತ ಸೊಗಸಾದ ಪುಟಗಳಲ್ಲಿ ಹಲವು ಹೀಗೆ ಜರ್ಮನಿಯ ಹೊರಗೆ, ಊರಿಲ್ಲದವನೊಬ್ಬನ ಕೋಣೆಯಲ್ಲಿ ಹುಟ್ಟಿದವು. ಕಣ್ಣು ಕಾಣದಾದಾಗ 1882ರಲ್ಲಿ ಡೆನ್ಮಾರ್ಕಿನಿಂದ ಚೆಂಡಿನಾಕಾರದ ಟೈಪು ಯಂತ್ರವನ್ನು ತರಿಸಿಕೊಂಡು ಬರೆಯಲು ನೋಡಿದ. ಅದೂ ಕೈಕೊಟ್ಟಿತು. ಆದರೂ ನಡೆಯುತ್ತ ಯೋಚಿಸುವುದನ್ನು, ಯೋಚಿಸಿದ್ದನ್ನು ಚೀಟಿಗಳಲ್ಲಿ ಗೀಚುವುದನ್ನು ಬಿಡಲಿಲ್ಲ.

ಈಗ ಅವನ ವಿಚಾರಕ್ಕೆ ಬರೋಣ. ದೇವರ ಸಾವಿನ ಮಾತು 1882ರ ‘ನಗುವ ವಿಜ್ಞಾನ’ ಎನ್ನಬಹುದಾದ ಪುಸ್ತಕದಲ್ಲಿ ಒಂದು ಸಣ್ಣ ಕಥೆಯಾಗಿ ಬರುತ್ತದೆ. ಹಾಡಹಗಲಿನಲ್ಲಿ ಲಾಂದ್ರ ಹಿಡಿದುಕೊಂಡು ಒಬ್ಬ ಹುಚ್ಚ ಸಂತೆಗೆ ಓಡಿ ಬರುತ್ತಾನೆ. ದೇವರನ್ನು ಹುಡುಕುತ್ತಿದ್ದೇನೆ ಎಂದು ಕೂಗುತ್ತಾನೆ. ಸಂತೆಯಲ್ಲಿ ನಿಂತವರು ನಗುತ್ತಾರೆ. ಗಮನಿಸಬೇಕಾದದ್ದೇನೆಂದರೆ, ನಗುವವರು ಭಕ್ತರಲ್ಲ. ಅವರು ಆಗಲೇ ನಂಬಿಕೆ ಬಿಟ್ಟವರು. ಹುಚ್ಚ ಅವರಿಗೆ ಹೇಳುತ್ತಾನೆ, ಅವನನ್ನು ಕೊಂದವರು ನಾವೇ, ಆದರೆ ನಾವು ಮಾಡಿದ್ದೇನೆಂದು ನಮಗಿನ್ನೂ ತಿಳಿದಿಲ್ಲ, ಈ ಕೊಲೆಯ ಭಾರವನ್ನು ಹೇಗೆ ಹೊರುತ್ತೀರಿ ಎಂದು. ಯಾರೂ ಉತ್ತರ ಕೊಡುವುದಿಲ್ಲ. ಅವನು ಲಾಂದ್ರವನ್ನು ನೆಲಕ್ಕೆ ಬಡಿದು, ನಾನು ಬೇಗ ಬಂದುಬಿಟ್ಟೆ ಎಂದು ಹೊರಟುಹೋಗುತ್ತಾನೆ. ಇದು ಗೆದ್ದವನ ಕೇಕೆಯಲ್ಲ. ಮನೆಯ ನಡುಗಂಬ ಗೆದ್ದಲು ಹಿಡಿದು ಬಿದ್ದಿರುವಾಗ, ಮಾಡು ಇನ್ನೂ ನಿಂತಿದೆಯಲ್ಲ ಎಂದು ನಗುತ್ತ ಕೂತವರನ್ನು ಕಂಡು ಹುಟ್ಟಿದ ಭಯ ಅದು.

ಆ ಭಯಕ್ಕೆ ಕಾರಣವಿತ್ತು. ಸ್ಟ್ರೌಸನ ಮತ್ತು ಫಾಯರ್‌ಬಾಖನ ಗ್ರಂಥಗಳನ್ನು ಇಂಗ್ಲಿಷಿಗೆ ಅನುವಾದಿಸಿದವಳು ಕಾದಂಬರಿಗಾರ್ತಿ ಜಾರ್ಜ್ ಎಲಿಯಟ್. ದೇವರನ್ನು ಬಿಟ್ಟರೂ ಅವಳು ಕ್ರೈಸ್ತ ನೀತಿಯನ್ನು ಹಾಗೆಯೇ ಉಳಿಸಿಕೊಂಡಳು. 1888ರಲ್ಲಿ ನೀಷೆ ಇದನ್ನು ಕಟುವಾಗಿ ಟೀಕಿಸಿದ. ಬೇರು ಕಿತ್ತ ಮೇಲೆ ಹಣ್ಣು ಎಷ್ಟು ದಿನ ಬಂದೀತು ಎಂಬುದು ಅವನ ಪ್ರಶ್ನೆಯ ತಾತ್ಪರ್ಯ. ಸತ್ಯ ಹೇಳಬೇಕು, ಬಡವನಿಗೆ ಮರುಗಬೇಕು, ಎಲ್ಲ ಮನುಷ್ಯರೂ ಸಮಾನರು ಎಂಬ ಮಾತುಗಳೆಲ್ಲ ಯೂರೋಪಿನಲ್ಲಿ ಆ ಒಂದು ಕಂಬಕ್ಕೆ ಒರಗಿ ನಿಂತಿದ್ದವು. ಕಂಬವಿಲ್ಲವಾದರೆ ಯಾವುದಕ್ಕೂ ಅರ್ಥವಿಲ್ಲ ಎಂಬ ಖಾಲಿತನ ಬರುತ್ತದೆ. ಇದಕ್ಕೆ ಅವನು ನಿಹಿಲಿಸಂ ಎಂದು ಹೆಸರು ಕೊಟ್ಟ. ನಾವು ನಿರರ್ಥಕತೆ ಎನ್ನೋಣ. ಮುಂದಿನ ಎರಡು ಶತಮಾನಗಳ ಇತಿಹಾಸ ಇದೇ ಎಂದು ಅವನು ಟಿಪ್ಪಣಿಯಲ್ಲಿ ಬರೆದುಕೊಂಡ. ಆ ಖಾಲಿ ಪೀಠದ ಮೇಲೆ ರಾಷ್ಟ್ರವನ್ನೋ ಹಣವನ್ನೋ ನಾಯಕನನ್ನೋ ಕೂರಿಸಿ ಜನ ಕೈಮುಗಿಯುತ್ತಾರೆ ಎಂಬುದನ್ನೂ ಅವನು ಬಲ್ಲ. ರಾಜ್ಯವೆಂಬುದನ್ನು ಹೊಸ ವಿಗ್ರಹವೆಂದು ಕರೆದವನು ಅವನೇ.

ಹಾಗಾದರೆ ಉತ್ತರವೇನು? 1881ರ ಆಗಸ್ಟಿನಲ್ಲಿ, ಸಮುದ್ರಮಟ್ಟದಿಂದ ಆರು ಸಾವಿರ ಅಡಿ ಎತ್ತರದ ಸಿಲ್ವಾಪ್ಲಾನ ಸರೋವರದ ದಂಡೆಯಲ್ಲಿ ನಡೆಯುತ್ತಿದ್ದಾಗ, ಗೋಪುರದಂತೆ ನಿಂತ ಒಂದು ದೊಡ್ಡ ಬಂಡೆಯ ಬಳಿ ಅವನಿಗೆ ಒಂದು ವಿಚಾರ ಹೊಳೆಯಿತು. ಅದೇ ನಿತ್ಯ ಪುನರಾವರ್ತನೆಯ ವಿಚಾರ. ಮರುವರ್ಷದ ಪುಸ್ತಕದಲ್ಲಿ ಅದನ್ನು ಅವನು ಪ್ರಶ್ನೆಯ ರೂಪದಲ್ಲಿ ಇಟ್ಟ. ನೀವು ತೀರ ಒಂಟಿಯಾಗಿರುವ ರಾತ್ರಿ ಒಂದು ಭೂತ ಬಂದು ಹೇಳುತ್ತದೆ ಎಂದುಕೊಳ್ಳಿ: ನೀನು ಬಾಳಿದ ಈ ಬಾಳನ್ನೇ ಇನ್ನೊಮ್ಮೆ ಬಾಳಬೇಕು, ಒಮ್ಮೆಯಲ್ಲ, ಲೆಕ್ಕವಿಲ್ಲದಷ್ಟು ಸಲ, ಹೊಸದೇನೂ ಇರುವುದಿಲ್ಲ, ಅದೇ ಸಾಲ, ಅದೇ ಸಾವು, ಅದೇ ಸಂತೋಷ, ಅದೇ ಸಣ್ಣ ನಾಚಿಕೆ, ಎಲ್ಲವೂ ಅದೇ ಕ್ರಮದಲ್ಲಿ. ಕೇಳಿ ನೀವು ಹಲ್ಲು ಕಡಿದು ಅದನ್ನು ಶಪಿಸುತ್ತೀರಾ, ಇಲ್ಲವೆ ಇದಕ್ಕಿಂತ ದೈವಿಕವಾದ ಮಾತು ಕೇಳಿಲ್ಲ ಎನ್ನುತ್ತೀರಾ?

ಇದನ್ನು ಕೇಳಿದೊಡನೆ ನಮ್ಮವರಿಗೆ ಪುನರ್ಜನ್ಮ ನೆನಪಾಗುವುದು ಸಹಜ. ಆದರೆ ಎರಡಕ್ಕೂ ಅಂತರ ದೊಡ್ಡದು. ನಮ್ಮ ಪುನರ್ಜನ್ಮದಲ್ಲಿ ದೇಹ ಬದಲಾಗುತ್ತದೆ, ಕರ್ಮದ ಲೆಕ್ಕ ತೀರುತ್ತ ಹೋಗುತ್ತದೆ, ಕೊನೆಗೆ ಬಿಡುಗಡೆಯೆಂಬ ದಡವಿದೆ. ಈ ಸಲ ಕಷ್ಟ, ಮುಂದಿನ ಸಲ ಸುಖ ಎಂದು ಸಮಾಧಾನ ಹೇಳಿಕೊಳ್ಳಬಹುದು. ನೀಷೆಯ ಚಕ್ರದಲ್ಲಿ ದಡವೂ ಇಲ್ಲ, ಸಮಾಧಾನವೂ ಇಲ್ಲ. ಇದೇ ಜೀವನ, ಇದೇ ತಲೆಶೂಲೆ. ಲೋಕ ನಿಜವಾಗಿಯೂ ಹೀಗೆ ಸುತ್ತುತ್ತದೆಯೇ ಎಂದು ಅವನು ತನ್ನ ಟಿಪ್ಪಣಿಗಳಲ್ಲಿ ವಾದ ಹೂಡಿದ್ದುಂಟು. ಆದರೆ ಈ ವಿಚಾರದ ಬಲವಿರುವುದು ಅಲ್ಲಲ್ಲ. ಅದೊಂದು ಒರೆಗಲ್ಲು. ಅಕ್ಕಸಾಲಿ ಚಿನ್ನವನ್ನು ಒರೆಗೆ ಹಚ್ಚುವಂತೆ, ಇಂದು ನಾನು ಮಾಡುತ್ತಿರುವ ಕೆಲಸವನ್ನು, ಆಡುತ್ತಿರುವ ಮಾತನ್ನು ಇದಕ್ಕೆ ಹಚ್ಚಿ ನೋಡಬೇಕು. ಇದು ಮತ್ತೆ ಮತ್ತೆ ಬರಲಿ ಎಂದು ಹೇಳಬಲ್ಲೆನೇ ಎಂದು ಕೇಳಿಕೊಳ್ಳಬೇಕು. ಸ್ವರ್ಗದ ಆಸೆ, ನರಕದ ಹೆದರಿಕೆ ಎರಡೂ ಇಲ್ಲದ ಕಡೆ ಈ ಪ್ರಶ್ನೆಯೇ ಬಾಳಿಗೆ ತೂಕ ತರುತ್ತದೆ ಎಂಬುದು ಅವನ ಆಶಯ.

ಇದರ ಜೊತೆಗೆ ಬರುವ ಇನ್ನೊಂದು ಮಾತು ಲ್ಯಾಟಿನ್ನಿನ ‘ಅಮೋರ್ ಫಾತಿ’. ವಿಧಿಯನ್ನು ಪ್ರೀತಿಸುವುದು ಎಂದು ಅರ್ಥ. ನಾವು ಹಣೆಬರಹ ಎನ್ನುವಾಗ ನಿಟ್ಟುಸಿರು ಬಿಟ್ಟು ಕೈಚೆಲ್ಲುತ್ತೇವೆ. ನೀಷೆ ಹೇಳುವುದು ಕೈಚೆಲ್ಲುವುದನ್ನಲ್ಲ. ಆಗಿಹೋದದ್ದನ್ನು ತಾಳಿಕೊಂಡರೆ ಸಾಲದು, ಅದನ್ನು ಅಡಗಿಸಿಡಲೂ ಬಾರದು, ಅದಿಲ್ಲದೆ ನಾನು ನಾನಾಗುತ್ತಿರಲಿಲ್ಲ ಎಂದು ಅದನ್ನು ತನ್ನದಾಗಿ ಮಾಡಿಕೊಳ್ಳಬೇಕು ಎನ್ನುತ್ತಾನೆ. ಹೊಲದಲ್ಲಿ ಬಂಡೆಯಿದ್ದರೆ ಅದನ್ನು ಬೈದುಕೊಂಡು ಉಳುವವನೂ ಇದ್ದಾನೆ, ಅದೇ ಕಲ್ಲನ್ನು ಒಡೆದು ಬದು ಕಟ್ಟುವವನೂ ಇದ್ದಾನೆ. ಎರಡನೆಯವನದು ಅಮೋರ್ ಫಾತಿ.

‘ಜರತುಷ್ಟ್ರ ಹೀಗೆಂದನು’ ಎಂಬುದು ಅವನ ಪ್ರಸಿದ್ಧ ಕೃತಿ. 1883ರಿಂದ 1885ರವರೆಗೆ ನಾಲ್ಕು ಭಾಗಗಳಲ್ಲಿ ಬರೆದದ್ದು. ಜರತುಷ್ಟ್ರ ಪಾರ್ಸಿಗಳ ಪ್ರವಾದಿ. ಲೋಕವನ್ನು ಒಳಿತು ಕೆಡುಕುಗಳ ಯುದ್ಧವಾಗಿ ಮೊದಲು ಕಂಡವನು ಅವನೇ, ಆದ್ದರಿಂದ ಆ ಲೆಕ್ಕವನ್ನು ತಿದ್ದಬೇಕಾದವನೂ ಅವನೇ ಎಂದು ನೀಷೆ ಆ ಹೆಸರನ್ನು ಆರಿಸಿಕೊಂಡ. ಅದರ ಆರಂಭದಲ್ಲೇ ಮನಸ್ಸಿನ ಮೂರು ಮಾರ್ಪಾಡುಗಳ ಪ್ರಸಂಗವಿದೆ. ಮನಸ್ಸು ಮೊದಲು ಒಂಟೆ. ಹಿರಿಯರು ಹೇರಿದ ಭಾರವನ್ನೆಲ್ಲ ಮಂಡಿಯೂರಿ ಹೊರುತ್ತದೆ. ಮರುಭೂಮಿಯ ನಡುವೆ ಅದು ಸಿಂಹವಾಗುತ್ತದೆ. ಒಲ್ಲೆ ಎಂದು ಗರ್ಜಿಸುತ್ತದೆ. ಆದರೆ ಒಲ್ಲೆ ಎನ್ನುವುದರಿಂದ ಹೊಸದೇನೂ ಹುಟ್ಟುವುದಿಲ್ಲ. ಅದಕ್ಕೆ ಸಿಂಹ ಮಗುವಾಗಬೇಕು. ಮಗು ಮರೆಯಬಲ್ಲದು, ಆಡಬಲ್ಲದು, ಹೌದು ಎನ್ನಬಲ್ಲದು. ದೇವರನ್ನು ಅಲ್ಲಗಳೆಯುವುದೇ ದೊಡ್ಡ ಸಾಧನೆ ಎಂದುಕೊಂಡವರು ನೀಷೆಯ ಲೆಕ್ಕದಲ್ಲಿ ಸಿಂಹದ ಹಂತದಲ್ಲೇ ನಿಂತವರು. ಅತಿಮಾನವ ಎಂದು ಅವನು ಕರೆದದ್ದು ತನ್ನನ್ನು ತಾನೇ ಮೀರಿ ಬೆಳೆಯುವ, ಭೂಮಿಗೆ ನಿಷ್ಠನಾಗಿರುವ ಇಂಥ ಮನುಷ್ಯನನ್ನು.

ಈ ಹೌದು ಎನ್ನುವ ಮಾತು ಸುಖದಲ್ಲಿ ಹುಟ್ಟಲಿಲ್ಲ ಎಂಬುದನ್ನು ಮರೆಯಬಾರದು. 1882ರಲ್ಲಿ ಲೂ ಸಲೋಮೆ ಎಂಬ ತರುಣಿಯನ್ನು ಅವನು ಮೆಚ್ಚಿದ್ದ. ಅವಳು ಮದುವೆಗೆ ಒಪ್ಪಲಿಲ್ಲ. ಅದೇ ಜಗಳದಲ್ಲಿ ತಾಯಿ ಮತ್ತು ತಂಗಿಯರೊಡನೆಯೂ ಮನಸ್ಸು ಕೆಟ್ಟಿತು. ಆ ಚಳಿಗಾಲ ಇಟಲಿಯ ರಪಾಲೊ ಊರಿನಲ್ಲಿ, ನಿದ್ದೆಯಿಲ್ಲದ ರಾತ್ರಿಗಳ ನಡುವೆ, ಸುಮಾರು ಹತ್ತೇ ದಿನಗಳಲ್ಲಿ ಅವನು ಜರತುಷ್ಟ್ರದ ಮೊದಲ ಭಾಗ ಬರೆದು ಮುಗಿಸಿದ. ಪುಸ್ತಕ ಮಾರಾಟವಾಗಲಿಲ್ಲ. ನಾಲ್ಕನೆಯ ಭಾಗಕ್ಕೆ ಪ್ರಕಾಶಕನೇ ಸಿಗದೆ, ಸ್ವಂತ ಹಣದಿಂದ ನಲವತ್ತರ ಆಸುಪಾಸು ಪ್ರತಿಗಳನ್ನು ಅಚ್ಚು ಹಾಕಿಸಿದ. ಅಷ್ಟನ್ನು ಕೊಡಲೂ ಅವನಿಗೆ ಗೆಳೆಯರಿರಲಿಲ್ಲ. ಡೆನ್ಮಾರ್ಕಿನ ಗೇಯಾರ್ಗ್ ಬ್ರಾಂಡೆಸ್ ಎಂಬ ವಿಮರ್ಶಕ 1888ರಲ್ಲಿ ಕೋಪನ್‌ಹೇಗನ್ನಿನಲ್ಲಿ ಅವನ ಕುರಿತು ಉಪನ್ಯಾಸ ಕೊಟ್ಟಾಗಲೇ ಮೊದಲ ಬಾರಿಗೆ ಲೋಕ ಇತ್ತ ತಿರುಗಿದ್ದು. ಆಗ ಸಮಯ ಮುಗಿಯುತ್ತ ಬಂದಿತ್ತು.

1889ರ ಜನವರಿ 3ರಂದು ಟ್ಯೂರಿನ್ನಿನ ಬೀದಿಯಲ್ಲಿ ನೀಷೆ ಕುಸಿದುಬಿದ್ದ. ಗಾಡಿಯವನು ಬಡಿಯುತ್ತಿದ್ದ ಕುದುರೆಯ ಕೊರಳನ್ನು ತಬ್ಬಿಕೊಂಡು ಅತ್ತ ಎಂಬ ಕಥೆ ಅನಂತರ ಹಬ್ಬಿತು. ಬುದ್ಧಿ ಮತ್ತೆ ಸರಿಯಾಗಲಿಲ್ಲ. ಹಳೆಯ ಗೆಳೆಯ ಓವರ್‌ಬೆಕ್ ಬಾಸೆಲಿನಿಂದ ಹೋಗಿ ಅವನನ್ನು ಕರೆತಂದ. ಆಸ್ಪತ್ರೆಯ ಬಳಿಕ ಅವನನ್ನು ನೋಡಿಕೊಂಡವಳು ಹಿಂದೆ ಅವನಿಗಾಗಿ ಅತ್ತ ಅದೇ ತಾಯಿ. ದೇವರನ್ನು ನಂಬಿದ ಆ ಮುದುಕಿ ದೇವರನ್ನು ಬಿಟ್ಟ ಮಗನಿಗೆ 1897ರಲ್ಲಿ ಸಾಯುವವರೆಗೆ ಉಣಿಸಿದಳು, ಕೈಹಿಡಿದು ನಡೆಸಿದಳು. ಅವನು 1900ರ ಆಗಸ್ಟ್ 25ರಂದು ವೈಮಾರ್ ನಗರದಲ್ಲಿ ತೀರಿಕೊಂಡ. ಹುಟ್ಟಿದ ಹಳ್ಳಿಯ ಚರ್ಚಿನ ಪಕ್ಕದಲ್ಲೇ, ತಂದೆಯ ಹತ್ತಿರ ಮಣ್ಣು ಮಾಡಿದರು.

ಮನುಷ್ಯ ಸತ್ತ ಮೇಲೆ ಅವನ ಮಾತಿಗೆ ಬಂದ ಗತಿಯನ್ನೂ ಹೇಳಬೇಕು. ತಂಗಿ ಎಲಿಜಬೆತ್ ಯಹೂದಿ ದ್ವೇಷಿಯಾದ ಫೋರ್ಸ್ಟರ್ ಎಂಬುವನನ್ನು 1885ರಲ್ಲಿ ಮದುವೆಯಾಗಿದ್ದಳು. ಗಂಡಹೆಂಡಿರು ದಕ್ಷಿಣ ಅಮೆರಿಕದ ಪರಾಗ್ವೆಗೆ ಹೋಗಿ ಅಚ್ಚ ಜರ್ಮನರ ವಸಾಹತು ಕಟ್ಟಲು ಹೊರಟರು. ನೀಷೆ ಅದನ್ನು ಕಂಡು ಉರಿದುಬಿದ್ದಿದ್ದ. ಯಹೂದಿ ದ್ವೇಷದ ಬಗ್ಗೆ ಅವನಿಗಿದ್ದ ಜಿಗುಪ್ಸೆ ಅವನ ಪತ್ರಗಳಲ್ಲಿ ಸ್ಪಷ್ಟವಾಗಿದೆ. ಆದರೆ ಅವನಿಗೆ ಮಾತು ನಿಂತುಹೋದ ಮೇಲೆ ಕಾಗದಪತ್ರಗಳೆಲ್ಲ ತಂಗಿಯ ಕೈಸೇರಿದವು. ಅವಳು ಟಿಪ್ಪಣಿಗಳನ್ನು ಕತ್ತರಿಸಿ ಜೋಡಿಸಿ ‘ಶಕ್ತಿಯ ಇಚ್ಛೆ’ ಎಂಬ ಪುಸ್ತಕವನ್ನು 1901ರಲ್ಲಿ ಹೊರತಂದಳು, 1906ರಲ್ಲಿ ಅದನ್ನು ಹಿಗ್ಗಿಸಿದಳು. ಪತ್ರಗಳನ್ನು ತಿದ್ದಿದಳು. ಒಂದನೆಯ ಮಹಾಯುದ್ಧದಲ್ಲಿ ಜರತುಷ್ಟ್ರದ ವಿಶೇಷ ಮುದ್ರಣ ಸೈನಿಕರ ಚೀಲಗಳಿಗೆ ಹೋಯಿತು. 1935ರಲ್ಲಿ ಎಲಿಜಬೆತ್ ಸತ್ತಾಗ ಅವಳ ಅಂತ್ಯಕ್ರಿಯೆಗೆ ಬಂದವರಲ್ಲಿ ಹಿಟ್ಲರನೂ ಇದ್ದ. ರಾಜ್ಯವನ್ನು ವಿಗ್ರಹವೆಂದವನ ಹೆಸರನ್ನು ಆ ವಿಗ್ರಹದ ಪೂಜಾರಿಗಳೇ ಹೊತ್ತು ಮೆರೆಸಿದರು.

ಆ ಕೊಳೆಯನ್ನು ತೊಳೆದವರಲ್ಲಿ ಮುಖ್ಯರಾದ ಇಬ್ಬರು ಜರ್ಮನರಲ್ಲ, ಇಟಲಿಯವರು. ಜಾರ್ಜೊ ಕೊಲ್ಲಿ ಮತ್ತು ಅವರ ಶಿಷ್ಯ ಮತ್ಸಿನೊ ಮೊಂತಿನಾರಿ. ಮೊಂತಿನಾರಿ 1960ರ ದಶಕದಲ್ಲಿ ಆಗಿನ ಪೂರ್ವ ಜರ್ಮನಿಯ ವೈಮಾರಿಗೆ ಹೋಗಿ, ನೀಷೆಯ ಅಂಕುಡೊಂಕು ಕೈಬರಹವನ್ನು ಸಾಲು ಸಾಲಾಗಿ ಓದಿ, ಕಾಲಕ್ರಮದಲ್ಲಿ ಜೋಡಿಸಿದರು. 1967ರಿಂದ ಅವರ ಶುದ್ಧ ಪರಿಷ್ಕರಣ ಜರ್ಮನ್ ಭಾಷೆಯಲ್ಲಿ ಪ್ರಕಟವಾಗತೊಡಗಿತು. ಒಂದು ಭಾಷೆಯ ಸೊತ್ತನ್ನು ಆ ಭಾಷೆಯವರೇ ಕೆಡಿಸಿದಾಗ, ನೆರೆಯ ಭಾಷೆಯವರು ಬಂದು ಉಳಿಸಿಕೊಟ್ಟರು. ಎರಡು ಭಾಷೆ ಬಲ್ಲವರ ಬೆಲೆ ಏನೆಂದು ಗಡಿನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ನೀಷೆಯ ತಪ್ಪನ್ನೆಲ್ಲ ತಂಗಿಯ ತಲೆಗೆ ಕಟ್ಟುವುದೂ ನ್ಯಾಯವಲ್ಲ. ದುರ್ಬಲರ ಬಗ್ಗೆ, ಹೆಂಗಸರ ಬಗ್ಗೆ ಅವನು ಬರೆದ ಕ್ರೂರ ಮಾತುಗಳು ಅವನವೇ. ಜನರಲ್ಲಿ ಮೇಲುಕೀಳಿರುವುದೇ ಸರಿಯೆಂದು ಅವನು ನಂಬಿದ್ದ. 1888ರಲ್ಲಿ ಮನುಸ್ಮೃತಿಯ ಒಂದು ಫ್ರೆಂಚ್ ಅವತರಣಿಕೆಯನ್ನು ಓದಿ ಅದನ್ನು ಹೊಗಳಿದ್ದಾನೆ. ಚಂಡಾಲರಿಗೆ ಅದು ವಿಧಿಸಿದ ಕಟ್ಟಳೆಗಳ ಕ್ರೌರ್ಯವನ್ನು ಕಂಡು ಬೆಚ್ಚಿಯೂ ಇದ್ದಾನೆ. ಡಾ. ಅಂಬೇಡ್ಕರ್ ಅವರು ಹಿಂದೂ ಧರ್ಮದ ತತ್ತ್ವವನ್ನು ಕುರಿತ ತಮ್ಮ ಬರಹದಲ್ಲಿ ಮನುವನ್ನೂ ನೀಷೆಯನ್ನೂ ಎದುರೆದುರು ನಿಲ್ಲಿಸಿ ನೋಡಿದ್ದಾರೆ. ಇಬ್ಬರ ತತ್ತ್ವವೂ ಒಂದೇ ಜಾತಿಯದು ಎಂದು ತೋರಿಸಿ, ಒಂದು ವ್ಯತ್ಯಾಸವನ್ನೂ ಗುರುತಿಸುತ್ತಾರೆ. ನೀಷೆಯ ಅತಿಮಾನವ ಯೋಗ್ಯತೆಯಿಂದ ದೊಡ್ಡವನು, ಮನುವಿನವನು ಹುಟ್ಟಿನಿಂದ ದೊಡ್ಡವನು ಎಂಬುದು ಆ ವ್ಯತ್ಯಾಸ. ಈ ಎಚ್ಚರಿಕೆ ನಮಗೆ ಬೇಕು. ಬಾಳಿಗೆ ಹೌದು ಎನ್ನುವುದು ದೊಡ್ಡ ಮಾತು. ಆದರೆ ನನ್ನ ಬಾಳಿಗೆ ಹೌದು ಎನ್ನುವಾಗ ನೆರೆಯವನ ಬಾಳಿಗೆ ಇಲ್ಲ ಎಂದರೆ, ಆ ಹೌದಿಗೆ ಬೆಲೆಯಿಲ್ಲ. ಅನ್ಯಾಯ ಅನುಭವಿಸುವವನಿಗೆ ನಿನ್ನ ವಿಧಿಯನ್ನು ಪ್ರೀತಿಸು ಎಂದು ಹೊರಗಿನವರು ಉಪದೇಶ ಮಾಡುವಂತಿಲ್ಲ. ಆ ಮಾತನ್ನು ಪ್ರತಿಯೊಬ್ಬನೂ ತನಗೆ ತಾನೇ ಹೇಳಿಕೊಳ್ಳಬೇಕು, ಇನ್ನೊಬ್ಬರಿಗೆ ಹೇಳುವುದಲ್ಲ.

ಇಷ್ಟೆಲ್ಲ ಕಳೆದು ಉಳಿಯುವುದೇನು? ಒಬ್ಬ ರೋಗಿ. ಊರಿಲ್ಲದವನು, ಓದುಗರಿಲ್ಲದವನು. ಬಾಳನ್ನು ದೂರಲು ಎಲ್ಲ ಕಾರಣಗಳೂ ಇದ್ದವನು. ಅವನು ದೂರಲಿಲ್ಲ. ಪರಲೋಕದಲ್ಲಿ ಪರಿಹಾರ ಸಿಕ್ಕೀತೆಂದು ಕಾಯಲೂ ಇಲ್ಲ. ಇದೇ ಬಾಳು ಇನ್ನೊಮ್ಮೆ ಬರಲಿ ಎಂದು ಹೇಳಲು ತನ್ನ ಮನಸ್ಸನ್ನು ಪಳಗಿಸುತ್ತ ಹೋದ. ಅದರಲ್ಲಿ ಪೂರ್ತಿ ಗೆದ್ದನೋ ಇಲ್ಲವೋ, ಪ್ರಯತ್ನ ನಿಜವಾದದ್ದು. ದೇವರನ್ನು ನಂಬುವವರಿಗೂ ಅವನ ಒರೆಗಲ್ಲು ಪ್ರಯೋಜನಕ್ಕೆ ಬಾರದೆ ಇಲ್ಲ. ನಾಳೆ ಸಿಗುವ ಪುಣ್ಯಕ್ಕಾಗಿ ಇಂದು ಒಳ್ಳೆಯದು ಮಾಡುತ್ತಿದ್ದೇನೆಯೇ, ಇಲ್ಲವೆ ಆ ಒಳ್ಳೆಯದಕ್ಕಾಗಿಯೇ ಮಾಡುತ್ತಿದ್ದೇನೆಯೇ ಎಂದು ಭಕ್ತನೂ ಕೇಳಿಕೊಳ್ಳಬಹುದು. ನಂಬಿಕೆ ಬಿಟ್ಟವರಂತೂ ಕೇಳಿಕೊಳ್ಳಲೇಬೇಕು, ಏಕೆಂದರೆ ಅವರ ಪರವಾಗಿ ಉತ್ತರ ಹೇಳಲು ಬೇರೆ ಯಾರೂ ಇಲ್ಲ.

ಬಾಸೆಲ್ ಪಟ್ಟಣದಿಂದ ಬಂದ ಒಬ್ಬ ಪಾದ್ರಿಯ ಮಗ ನಮ್ಮ ಮಾತುಗಳ ಅರ್ಥವನ್ನು ಅಕಾರಾದಿಯಾಗಿ ಜೋಡಿಸಿ ಕೊಟ್ಟರು. ಅದೇ ಪಟ್ಟಣದಲ್ಲಿದ್ದ ಇನ್ನೊಬ್ಬ ಪಾದ್ರಿಯ ಮಗ ಬಾಳಿನ ಅರ್ಥವನ್ನು ಕೇಳಿದ. ಮೊದಲನೆಯದು ನಿಘಂಟಿನಲ್ಲಿ ಸಿಗುತ್ತದೆ. ಎರಡನೆಯದನ್ನು ಅವರವರೇ ಬರೆದುಕೊಳ್ಳಬೇಕು.